ಯುರೋಪಿನ ಬ್ಲ್ಯಾಕ್ ಹೆಣ್ಮಕ್ಕಳು ಕೂದಲು, ಸೆಲ್ಫ್‌ಕೇರ್ ಅಂತ ಇಷ್ಟೊಂದು ಯಾಕೆ ಮಾತಾಡ್ತಾರೆ?

ಪ್ರಶ್ನೆ ಕೇಳಿದವರು ಆಗಸ್ಟ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಲಂಡನ್‌ಗೆ ಬರ್ತಿದ್ದಾರಂತೆ. ಇನ್‌ಸ್ಟಾಗ್ರಾಮ್ ತೆಗೆದ್ರೆ ಸಾಕು, ಇಲ್ಲಿನ ಬ್ಲ್ಯಾಕ್ ಹೆಣ್ಮಕ್ಕಳು ಕೂದಲು, ಸ್ಕಿನ್, ಸೆಲ್ಫ್‌ಕೇರ್, ತಮ್ಮದೇ ಹೈಕಿಂಗ್ ಗುಂಪು, ತಮ್ಮದೇ ಆರ್ಟ್ ಶೋ ಅಂತ ಹಾಕ್ತಾನೇ ಇರ್ತಾರೆ, ಇದೇನು ಶೋಕಿನಾ, ಬೇರೆ ಗುಂಪು ಅಂತ ಯಾಕೆ ಬೇಕು, ನಮಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ ಅಂತ ಕೇಳಿದ್ದಾರೆ. ನಾನು ಲಂಡನ್‌ನಲ್ಲಿ ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಮಾಡೋದು, ಮನೆ ಪೆಕಮ್ ಹತ್ರ, ಅಕ್ಕಪಕ್ಕದೋರು, ಜೊತೆ ಕೆಲಸ ಮಾಡೋರು ಎಲ್ಲಾ ಜಮೈಕಾ, ನೈಜೀರಿಯಾ, ಘಾನಾ ಮೂಲದೋರು, ಹಾಗಾಗಿ ನೋಡಿದ್ದು ಓದಿದ್ದು ಸೇರಿಸಿ ಬರೀತೀನಿ.

ಶೋಕಿ ಸ್ವಲ್ಪ ಇದೆ ಬಿಡಿ, ಯಾರಿಗಿಲ್ಲ. ಆದ್ರೆ ಅಂಗಡಿ, ಆಸ್ಪತ್ರೆ, ಸ್ವಿಮ್ಮಿಂಗ್ ಪೂಲ್, ಗ್ಯಾಲರಿ ಎಲ್ಲೂ ಇವರನ್ನ ಯಾರೂ ಲೆಕ್ಕಕ್ಕೇ ಇಟ್ಕೊಂಡಿರಲಿಲ್ಲ, ಅದಕ್ಕೇ ತಮ್ಮ ಆರೈಕೆ ತಾವೇ ನೋಡ್ಕೊಳ್ಳೋಕೆ ಶುರು ಮಾಡಿದ್ರು, ಅದೂ ಗುಂಪಾಗಿ. ಮತ್ತೆ ಸಂಬಂಧ ಇದೆಯಾ ಅಂದ್ರೆ, ನಾವು ಅಂದ್ಕೊಂಡಿರೋದಕ್ಕಿಂತ ಜಾಸ್ತಿನೇ ಇದೆ.

ಕೂದಲಿಂದಾನೇ ಶುರು ಮಾಡೋಣ. ನನ್ನ ಸಹೋದ್ಯೋಗಿ ಒಬ್ಬಳು ಜಡೆ ಹಾಕಿಸ್ಕೊಳ್ಳೋ ದಿನ ಅವಳ ಮನೇಲಿದ್ದೆ. ಬೆಳಿಗ್ಗೆ ಕೂತೋಳು ಎದ್ದಿದ್ದು ಕತ್ತಲಾದ್ಮೇಲೆ. ಅವಳ ಚಿಕ್ಕಮ್ಮ ಬಾಚಣಿಗೆ ತುದಿಯಿಂದ ಚೌಕ ಚೌಕವಾಗಿ ಬೈತಲೆ ತೆಗೆದು, ಒಂದೊಂದು ಚೌಕಕ್ಕೆ ಒಂದೊಂದು ಜಡೆ, ಮಧ್ಯೆ ಮಧ್ಯೆ ಸಿಂಥೆಟಿಕ್ ಕೂದಲು ಸೇರಿಸ್ತಾ ಹೆಣೀತಾರೆ, ಕೊನೆಗೆ ಕೆಟಲ್‌ನಲ್ಲಿ ನೀರು ಕುದಿಸಿ ಜಗ್‌ಗೆ ಹಾಕಿ ಜಡೆ ತುದಿಗಳನ್ನ ಅದರಲ್ಲಿ ಅದ್ದುತಾರೆ, ಬಿಚ್ಕೊಳ್ಳದೆ ಇರ್ಲಿ ಅಂತ. ಅಷ್ಟೊತ್ತಿಗೆ ಆಫೀಸ್ ಬಾಸ್ ಏನಂದ, ಡಾಕ್ಟ್ರು ಏನಂದ್ರು, ಯಾರ ಮದುವೆ ಮುರೀತು, ಯಾವ ಬ್ಯಾಂಕಲ್ಲಿ ಲೋನ್ ಸಿಗತ್ತೆ, ಎಲ್ಲಾ ಮಾತಾಗಿರತ್ತೆ. ನಮ್ಮಲ್ಲಿ ಮದುವೆ ಮನೆ ಹಿಂದಿನ ರಾತ್ರಿ ಹೆಂಗಸರು ಹೂ ಕಟ್ತಾ ಕೂತಿರ್ತಾರಲ್ಲ, ಹಾಗೆ. ನೀವು ಫೋನಲ್ಲಿ ನೋಡ್ತಿರೋದು ಆ ದಿನದ ಕೊನೇ ಫೋಟೋ ಮಾತ್ರ.

ಇದೇ ಜಡೆ ಇಟ್ಕೊಂಡು ಶಾಲೆಗೆ, ಕೆಲಸಕ್ಕೆ ಹೋದ್ರೆ 'ನೀಟಾಗಿಲ್ಲ' ಅನ್ನಿಸ್ಕೊಂಡ ಕಥೆ ಪ್ರತಿ ಮನೇಲೂ ಸಿಗತ್ತೆ. ಫ್ರಾನ್ಸ್‌ನಲ್ಲಂತೂ ಕೂದಲಿನ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನೋ ಮಸೂದೆ ಸಂಸತ್ತಿನ ಕೆಳಮನೆ ತನಕ ಹೋಯ್ತು, 2024ರ ಮಾರ್ಚ್‌ನಲ್ಲಿ ಅಲ್ಲಿ ಪಾಸೂ ಆಯ್ತು. ಈಜೋದ್ರಲ್ಲೂ ಇದೇ ಗೋಳು. ಮಾಮೂಲಿ ಸ್ವಿಮ್ ಕ್ಯಾಪ್ ಒಳಗೆ ದಪ್ಪ ಕೂದಲು, ಜಡೆ ಹಿಡಿಸಲ್ಲ ಅಂತ ಇಲ್ಲಿನ ಒಂದು ಸಣ್ಣ ಕಂಪನಿ ಸೋಲ್ ಕ್ಯಾಪ್ ಅಂತ ದೊಡ್ಡದು ಮಾಡ್ತು. 2021ರಲ್ಲಿ ಅಂತಾರಾಷ್ಟ್ರೀಯ ಈಜು ಸಂಸ್ಥೆ ಅದನ್ನ ಒಪ್ಪಲಿಲ್ಲ, ತಲೆಯ ಸಹಜ ಆಕಾರಕ್ಕೆ ಸರಿಹೊಂದಲ್ಲವಂತೆ (ಯಾರ ತಲೆ ಸ್ವಾಮಿ?). ಅದೇ ಬೇಸಿಗೇಲಿ ಆಲಿಸ್ ಡಿಯರಿಂಗ್ ಟೋಕಿಯೋದಲ್ಲಿ 10 ಕಿ.ಮೀ. ಈಜಿದ್ಲು, ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಈಜಿದ ಮೊದಲ ಬ್ಲ್ಯಾಕ್ ಮಹಿಳೆ ಅವಳು. ಗಲಾಟೆ ಆಗಿ ಆಗಿ 2022ರಲ್ಲಿ ಕ್ಯಾಪ್‌ಗೆ ಒಪ್ಪಿಗೆ ಸಿಕ್ತು.

ಇನ್ನು ನಮ್ಮ ಪಾಲು. ಪೆಕಮ್‌ನ ರೈ ಲೇನ್‌ನಲ್ಲಿ ಹೇರ್ ಶಾಪ್‌ಗಳ ಸಾಲೇ ಇದೆ, ಗೋಡೆ ತುಂಬಾ ಕೂದಲ ಪ್ಯಾಕೆಟ್, ದುಬಾರಿ ಪ್ಯಾಕೆಟ್ ಮೇಲೆ 'ಇಂಡಿಯನ್', 'ಟೆಂಪಲ್ ಹೇರ್' ಅಂತ ಬರೆದಿರತ್ತೆ. ಹೌದು, ಅದೇ. ತಿರುಪತಿ ಕಲ್ಯಾಣಕಟ್ಟೆಯಲ್ಲಿ ನಮ್ಮೋರು ಕೊಡೋ ಮುಡಿಯನ್ನ ಟಿಟಿಡಿ ಇ-ಹರಾಜಲ್ಲಿ ಮಾರತ್ತೆ, ಅಂಥಾ ಕೂದಲು ವ್ಯಾಪಾರಿಗಳ ಕೈ ದಾಟಿ ವಿಗ್ ಆಗಿ, ಎಕ್ಸ್‌ಟೆನ್ಷನ್ ಆಗಿ ಇಲ್ಲಿಗೆ ಬರತ್ತೆ. ಕೊಟ್ಟ ಅಜ್ಜಿಗೂ ಗೊತ್ತಿಲ್ಲ, ಹಾಕ್ಕೊಂಡೋಳಿಗೂ ಗೊತ್ತಿಲ್ಲ. ಲಂಡನ್‌ನಲ್ಲಿ ಇಂಥ ಅಂಗಡಿ ಕೌಂಟರ್ ಹಿಂದೆ ಬಹಳಷ್ಟು ಕಡೆ ಕೂತಿರೋರೂ ನಮ್ಮ ಉಪಖಂಡದೋರೇ. 'ದುಡ್ಡು ನಮ್ಮಿಂದ ತಗೋತಾರೆ, ಆಮೇಲೆ ನಾವೇ ಕಳ್ಳರು ಅನ್ನೋ ಥರ ಹಿಂದೆ ಹಿಂದೆ ಬಂದು ನೋಡ್ತಾರೆ' ಅಂತ ನನ್ನ ಸಹೋದ್ಯೋಗಿ ನನ್ನ ಮುಖ ನೋಡ್ಕೊಂಡೇ ಹೇಳ್ತಾಳೆ, ನಂಗೆ ಏನು ಹೇಳ್ಬೇಕು ಅಂತ ಗೊತ್ತಾಗಲ್ಲ. ತಾವೇ ಪ್ರಾಡಕ್ಟ್ ಮಾಡಿ, ತಮ್ಮದೇ ಅಂಗಡಿ ಇಡೋಕೆ ಈ ಹುಡುಗೀರು ಒದ್ದಾಡ್ತಿರೋದು ಯಾಕೆ ಅಂತ ಇದರಲ್ಲೇ ಗೊತ್ತಾಗತ್ತೆ.

ಆಸ್ಪತ್ರೆ ವಿಷಯ ಇನ್ನೂ ಸೀರಿಯಸ್. 2018ರ ರಾಷ್ಟ್ರೀಯ ವರದಿ ಪ್ರಕಾರ ಬ್ರಿಟನ್‌ನಲ್ಲಿ ಬಸುರಿ, ಬಾಣಂತಿಯರ ಸಾವು ಬಿಳಿಯರಿಗಿಂತ ಬ್ಲ್ಯಾಕ್ ಮಹಿಳೆಯರಲ್ಲಿ ಐದು ಪಟ್ಟು, ಏಷ್ಯನ್ ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು ಇತ್ತು. ಇಬ್ಬರು ತಾಯಂದಿರು, ಟಿನುಕೆ ಅವೆ ಮತ್ತೆ ಕ್ಲೋಟಿಲ್ಡ್ ಅಬೆ, ಸೇರ್ಕೊಂಡು 2019ರಲ್ಲಿ ಫೈವ್ ಎಕ್ಸ್ ಮೋರ್ (ಐದು ಪಟ್ಟು ಹೆಚ್ಚು) ಅಂತ ಒಂದು ಅಭಿಯಾನ ಶುರು ಮಾಡಿದ್ರು. ನೋವು ಅಂದ್ರೆ ನೋವು ಅಂತ ಜೋರಾಗಿ ಹೇಳಿ, ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ, ಸಮಾಧಾನ ಆಗ್ದಿದ್ರೆ ಇನ್ನೊಬ್ಬ ಡಾಕ್ಟ್ರನ್ನ ಕೇಳಿ, ಎಲ್ಲಾ ಬರೆದಿಟ್ಕೊಳ್ಳಿ, ಬಸುರಿಯರಿಗೆ ಅವರು ಹೇಳೋದು ಈ ಥರದ ಮಾತು. ಆ ಅಂತರ ಈಗ ಕಮ್ಮಿ ಆಗಿದೆ, ಹೋಗಿಲ್ಲ. ಸೆಲ್ಫ್‌ಕೇರ್ ಅಂದ್ರೆ ಇದೂ ಸೇರತ್ತೆ.

ಇದೆಲ್ಲಾ ಇನ್‌ಸ್ಟಾಗ್ರಾಮ್ ಬಂದ್ಮೇಲೆ ಹುಟ್ಟಿದ್ದಲ್ಲ. 1958ರಲ್ಲಿ ಲಂಡನ್‌ನ ನಾಟಿಂಗ್ ಹಿಲ್‌ನಲ್ಲಿ ಬಿಳಿ ಹುಡುಗರ ಗುಂಪುಗಳು ಕೆರಿಬಿಯನ್ ಜನರ ಮೇಲೆ ಬಿದ್ದು ಹೊಡೆದಿದ್ವು. ಟ್ರಿನಿಡಾಡ್‌ನಲ್ಲಿ ಹುಟ್ಟಿ, ಕಮ್ಯುನಿಸ್ಟ್ ಅಂತ ಅಮೆರಿಕಾದಿಂದ ಗಡೀಪಾರಾಗಿ ಬಂದಿದ್ದ ಕ್ಲಾಡಿಯಾ ಜೋನ್ಸ್ ಅದಕ್ಕೆ ಏನು ಮಾಡಿದ್ರು ಗೊತ್ತಾ, 1959ರ ಜನವರಿ ಚಳೀಲಿ ಸೇಂಟ್ ಪ್ಯಾಂಕ್ರಸ್ ಟೌನ್‌ಹಾಲ್ ಒಳಗೆ ಕಾರ್ನಿವಲ್ ಇಟ್ರು, ಹಾಡು, ಕುಣಿತ, ಕಾರ್ನಿವಲ್ ರಾಣಿ ಸ್ಪರ್ಧೆ ಸಮೇತ. ಪಕ್ಕಾ ಕಮ್ಯುನಿಸ್ಟ್ ಒಬ್ರು ಬ್ಯೂಟಿ ಕಾಂಪಿಟಿಷನ್ ಇಡೋದಾ ಅಂದ್ರೆ, ಈ ಮುಖ ಚೆನ್ನಾಗಿದೆ ಅಂತ ಈ ದೇಶದಲ್ಲಿ ಆಗ ಬೇರೆ ಯಾರು ಹೇಳ್ತಿದ್ರು ಹೇಳಿ. ಕಾರ್ಯಕ್ರಮದ ಪುಸ್ತಿಕೆ ಮಾರಿ ಬಂದ ದುಡ್ಡಲ್ಲಿ ಒಂದು ಭಾಗ ಗಲಾಟೆಯಲ್ಲಿ ಸಿಕ್ಕಿಬಿದ್ದ ಹುಡುಗರ ದಂಡ ಕಟ್ಟೋಕೆ, ಕಪ್ಪು ಬಿಳಿ ಇಬ್ಬರದ್ದೂ.

ನಮ್ಮೋರಿಗೆ ಗೊತ್ತೇ ಇಲ್ಲದ ಕಥೆ 1979ರದ್ದು. ಮದುವೆ ಆಗೋಕೆ ಅಂತ ಭಾರತದಿಂದ ಬಂದ 35 ವರ್ಷದ ಟೀಚರ್ ಒಬ್ಬರನ್ನ ಲಂಡನ್‌ನ ಹೀಥ್ರೋ ಏರ್‌ಪೋರ್ಟ್‌ನಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ರು. ಮದುವೆಗೆ ಬರೋ ಹೆಣ್ಣಿಗೆ ಆಗ ವೀಸಾ ಬೇಡ, ಮದುವೆ ಆಗಿಹೋದೋಳಾದ್ರೆ ಊರಲ್ಲೇ ಅನುಮತಿಗೆ ಕಾಯ್ಬೇಕು, ಈಕೆ ಸುಳ್ಳು ಹೇಳ್ತಿದ್ದಾಳಾ ಅಂತ ಅನುಮಾನಕ್ಕೆ ದೇಹ ಪರೀಕ್ಷೆ. ಓದಿದಾಗ ಮೈ ಉರಿದೋಯ್ತು ನಂಗೆ. ಆಗ ಹೀಥ್ರೋದಲ್ಲೇ ಧರಣಿ ಕೂತಿದ್ದು ಯಾರಂದ್ರೆ ಓವಾಡ್, ಅಂದ್ರೆ ಆಫ್ರಿಕನ್ ಮತ್ತು ಏಷ್ಯನ್ ಮೂಲದ ಮಹಿಳೆಯರ ಸಂಘಟನೆ, 1978ರಲ್ಲಿ ಶುರುವಾಗಿದ್ದು, ಲಂಡನ್‌ನ ಬ್ರಿಕ್ಸ್‌ಟನ್‌ನ ಹೋರಾಟಗಾರ್ತಿ ಆಲಿವ್ ಮಾರಿಸ್ ಕೂಡ ಕಟ್ಟಿದವರಲ್ಲಿ ಒಬ್ರು. ಆ ಕಾಲದಲ್ಲಿ ಬ್ಲ್ಯಾಕ್ ಅಂದ್ರೆ ನಾವೂ ಅದರೊಳಗೇ ಇದ್ವಿ. ಅದಕ್ಕೇ ಪಂಜಾಬಿಗಳೇ ತುಂಬಿರೋ ಲಂಡನ್‌ನ ಸೌತಾಲ್‌ನಲ್ಲಿ 1979ರಲ್ಲೇ ಹುಟ್ಟಿದ ಸಂಸ್ಥೆ ಹೆಸರು ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್, ಇವತ್ತಿಗೂ ಗಂಡನ ಮನೇಲಿ ಏಟು ತಿಂದು ಬಂದೋರಿಗೆ ಸಹಾಯ ಮಾಡ್ತಾರೆ. ಚಿತ್ರಕಲೇಲೂ ಹಾಗೇ, 1985ರಲ್ಲಿ ಕಲಾವಿದೆ ಲುಬೈನಾ ಹಿಮಿಡ್ ಲಂಡನ್‌ನ ಐಸಿಎ ಗ್ಯಾಲರಿಯಲ್ಲಿ ಬ್ಲ್ಯಾಕ್, ಏಷ್ಯನ್ ಮೂಲದ ಹನ್ನೊಂದು ಜನ ಹೆಂಗಸರ ಶೋ ಮಾಡಿದಾಗ ಸಿಕ್ಕಿದ್ದು ಕಾರಿಡಾರ್ ಜಾಗ, ಆ ಹನ್ನೊಂದರಲ್ಲಿ ಶಾಂತಿನಿಕೇತನದಲ್ಲಿ ಹುಟ್ಟಿದ ಸುತಪಾ ಬಿಸ್ವಾಸ್ ಕೂಡ ಇದ್ರು. ಹಿಮಿಡ್‌ಗೆ ಬ್ರಿಟನ್‌ನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಪ್ರೈಜ್ ಬಂದಿದ್ದು 2017ರಲ್ಲಿ, 63ನೇ ವಯಸ್ಸಲ್ಲಿ.

ಬರ್ಲಿನ್ ಕಡೆ ಹೋದ್ರೆ ಆಡ್ರಿ ಲಾರ್ಡ್. ಅಮೆರಿಕಾದ ಕವಿ, 1984ರಲ್ಲಿ ಅಲ್ಲಿನ ಯೂನಿವರ್ಸಿಟಿಗೆ ಪಾಠ ಮಾಡೋಕೆ ಬಂದ್ರು, ಅದೇ ವರ್ಷ ಲಿವರ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಕ್ಲಾಸಿಗೆ ಬರ್ತಿದ್ದ ಕಪ್ಪು ಜರ್ಮನ್ ಹುಡುಗೀರಲ್ಲಿ ಎಷ್ಟೋ ಜನ ತಮ್ಮಂಥ ಇನ್ನೊಬ್ಬರನ್ನ ನೋಡ್ದೇ ಬೆಳೆದೋರು, ನೀವು ನೀವು ಮಾತಾಡ್ಕೊಳ್ಳಿ, ಬರೀರಿ ಅಂತ ಇವರು ಹಿಂದೆ ಬಿದ್ರು, 1986ರಲ್ಲಿ ಅವರ ಬದುಕಿನ ಕಥೆಗಳ ಪುಸ್ತಕವೇ ಬಂತು. ಅದನ್ನ ತಂದೋರಲ್ಲಿ ಒಬ್ಬಳಾದ ಕವಿ ಮೇ ಆಯಿಮ್ ಹೆಸರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ನದೀ ದಡದ ರಸ್ತೆ ಇದೆ, ಮೊದಲು ಅದಕ್ಕೆ ಆಫ್ರಿಕಾದಲ್ಲಿ ಕೋಟೆ ಕಟ್ಟಿದ ವಸಾಹತುಗಾರನ ಹೆಸರಿತ್ತು. ನನ್ನನ್ನ ನಾನು ನೋಡ್ಕೊಳ್ಳೋದು ಐಷಾರಾಮ ಅಲ್ಲ, ಅದೇ ಒಂದು ರಾಜಕೀಯ ಹೋರಾಟ ಅನ್ನೋ ಅರ್ಥದಲ್ಲಿ ಲಾರ್ಡ್ ಬರೆದಿದ್ದು ಆ ಕ್ಯಾನ್ಸರ್ ದಿನಗಳಲ್ಲಿ. ಈಗ ಅದೇ ಮಾತನ್ನ ಫೇಸ್ ಮಾಸ್ಕ್ ಮಾರೋಕೆ ಬಳಸ್ತಾರೆ, ಸಿಟ್ಟು ಬರತ್ತೆ.

ಬೇರೆ ಗುಂಪು ಯಾಕೆ ಅನ್ನೋ ನಿಮ್ಮ ಪ್ರಶ್ನೆಗೆ 2017ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ರಂಪಾನೇ ಆಗಿತ್ತು. ನ್ಯಾನ್ಸಾಪೋ ಅನ್ನೋ ಹಬ್ಬದಲ್ಲಿ ಕೆಲವು ಸಭೆ ಬ್ಲ್ಯಾಕ್ ಮಹಿಳೆಯರಿಗೆ ಮಾತ್ರ ಅಂದಿದ್ದಕ್ಕೆ ಮೇಯರ್ ಅದನ್ನ ತಡೀಬೇಕು ಅಂದ್ರು, ಆಮೇಲೆ ಆ ಸಭೆಗಳು ಖಾಸಗಿ ಜಾಗದಲ್ಲಿ ಅಂತ ರಾಜಿ ಆಯ್ತು. ನನ್ನ ಪ್ರಕಾರ ಅದರಲ್ಲಿ ತಪ್ಪೇನಿಲ್ಲ. ನಾಲ್ಕು ಜನ ಕೂತು ಕಷ್ಟ ಹೇಳ್ಕೊಳ್ಳೋವಾಗ ಐದನೆಯವರು ಬಂದು 'ನಿಜ್ವಾಗ್ಲೂ ಹಾಗೆ ಆಯ್ತಾ, ನಿಂಗೆ ಹಾಗನ್ನಿಸಿರ್ಬೇಕು' ಅಂತ ಕೇಳ್ತಿದ್ರೆ ಮಾತು ಅಲ್ಲಿಗೇ ನಿಲ್ಲತ್ತೆ.

ಬಂದ್ಮೇಲೆ ಬ್ರಿಕ್ಸ್‌ಟನ್‌ನ ವಿಂಡ್‌ರಶ್ ಸ್ಕ್ವೇರ್‌ನಲ್ಲಿರೋ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್‌ಗೆ (ಇಲ್ಲಿನ ಬ್ಲ್ಯಾಕ್ ಜನರ ಇತಿಹಾಸದ ಸಂಗ್ರಹ) ಹೋಗಿ, ಟೈಮಿಂಗ್ ಮೊದಲೇ ನೋಡ್ಕೊಳ್ಳಿ. ಹೈಗೇಟ್ ಸ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್ ಸಮಾಧಿ ಪಕ್ಕದಲ್ಲೇ, ಎಡಗಡೆಗೇ, ಕ್ಲಾಡಿಯಾ ಜೋನ್ಸ್ ಸಮಾಧಿ ಇದೆ, ಟಿಕೆಟ್ ಇದೆ ಅದಕ್ಕೆ. ಯಾರ ಕೂದಲೂ ಮುಟ್ಟಬೇಡಿ, 'ವಾವ್ ನಿಜಾನಾ' ಅಂತ ಕೇಳ್ಕೊಂಡು ಕೂಡ. ಮನೇಲಿ ಫೋನಲ್ಲಿ ಮಾತಾಡೋವಾಗ 'ಕರಿಯ', 'ಕರಿ ಹೆಂಗಸು' ಅಂತ ಶುರು ಮಾಡೋರನ್ನ ಅಲ್ಲೇ ನಿಲ್ಸಿ, ಬಸ್ಸಲ್ಲಿ ಪಕ್ಕದಲ್ಲಿ ಕೂತೋರಿಗೆ ಭಾಷೆ ಬರ್ದಿದ್ರೂ ದನಿ ಅರ್ಥ ಆಗತ್ತೆ. ನಾಟಿಂಗ್ ಹಿಲ್ ಕಾರ್ನಿವಲ್ ಆಗಸ್ಟ್ ಕೊನೇ ಸೋಮವಾರ, ಅಂದ್ರೆ ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ) ದಿನ, ಮತ್ತೆ ಅದರ ಹಿಂದಿನ ಭಾನುವಾರ ಇರತ್ತೆ, ನೀವು ಅಷ್ಟೊತ್ತಿಗೆ ಬಂದಿದ್ರೆ ಭಾನುವಾರ ಹೋಗಿ, ಅವತ್ತು ಮಕ್ಕಳ ಮೆರವಣಿಗೆ, ನೂಕುನುಗ್ಗಲು ಸ್ವಲ್ಪ ಕಮ್ಮಿ, ಟಾಯ್ಲೆಟ್ ಕ್ಯೂ ಮಾತ್ರ ಯಾವ ದಿನ ಹೋದ್ರೂ ಅಷ್ಟೇ.