ತೀರಿಹೋದ ಗೆಳೆಯನ ಫೋನ್

ಹೆಸರು, ಕಸುಬು, ಓಣಿ ಎಲ್ಲ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆಪ್ತಸಲಹೆಗೆ ನನ್ನ ಹತ್ತಿರ ಬಂದವರನ್ನು ಬಸಣ್ಣ ಅನ್ನೋಣ, ಅವರ ಗೆಳೆಯನನ್ನು ನಾಗಣ್ಣ.

ಬಸಣ್ಣನಿಗೆ 46 ವರ್ಷ. ದಾವಣಗೆರೆಯಲ್ಲೇ ಒಂದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಕರೆದುಕೊಂಡು ಬಂದವರು ಅವರ ಹೆಂಡತಿ. "ಮೇಡಂ, ಇವರು ರಾತ್ರಿ ಮಲಗೋದೇ ಇಲ್ಲ. ಸತ್ತವರ ಫೋನ್ ಹಿಡ್ಕೊಂಡು ಕೂತಿರ್ತಾರೆ" ಅಂದರು. ಏನು ಹೇಳುತ್ತಿದ್ದಾರೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ.

ನಾಗಣ್ಣ ಸಂಜೆ ಹೊತ್ತು ಮಂಡಕ್ಕಿ-ಮಿರ್ಚಿ ಗಾಡಿ ಹಾಕುತ್ತಿದ್ದವರು. ಗಾಡಿ ನಿಲ್ಲುತ್ತಿದ್ದದ್ದು ಆಸ್ಪತ್ರೆಗಳ ಹತ್ತಿರ. ಜಗಳೂರು, ಹರಪನಹಳ್ಳಿ, ಚಿತ್ರದುರ್ಗದ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ಎಷ್ಟು ಜನ ಈ ಊರಿಗೆ ಬರುತ್ತಾರೆ ಅಂತ ಇಲ್ಲಿಯವರಿಗೆ ಗೊತ್ತೇ ಇದೆ. ಯಾವ ಕೌಂಟರಿಗೆ ಹೋಗಬೇಕು, ಆಯುಷ್ಮಾನ್ ಕಾರ್ಡಿಗೆ ಏನು ಕಾಗದ ಬೇಕು, ರಕ್ತ ಎಲ್ಲಿ ಸಿಗುತ್ತೆ, ಎಲ್ಲವನ್ನೂ ನಾಗಣ್ಣ ಮಿರ್ಚಿಯನ್ನು ಎಣ್ಣೆಗೆ ಬಿಡುತ್ತಲೇ ಹೇಳುತ್ತಿದ್ದರಂತೆ. ದುಡ್ಡಿಲ್ಲದವರಿಗೆ ಮಂಡಕ್ಕಿ ಕಟ್ಟಿಕೊಟ್ಟು "ನಾಳೆ ಕೊಡ್ರಿ" ಅನ್ನುತ್ತಿದ್ದರು. ಆ ನಾಳೆಯ ಲೆಕ್ಕ ಇಟ್ಟವರಲ್ಲ. ಅವರ ನಂಬರ್ ಹಳ್ಳಿಯಿಂದ ಹಳ್ಳಿಗೆ ಹೋಗಿತ್ತು.

ಬಸಣ್ಣ ನನ್ನ ಹತ್ತಿರ ಬರುವ ನಾಲ್ಕು ತಿಂಗಳ ಮುಂಚೆ ನಾಗಣ್ಣನಿಗೆ ಹೃದಯಾಘಾತವಾಗಿ ಹೋಗಿಬಿಟ್ಟರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ಫೋನನ್ನು ಬಸಣ್ಣನ ಕೈಗೆ ಕೊಟ್ಟರು. "ದಿನಾ ಯಾರ್ಯಾರೋ ಮಾಡ್ತಾರಪ್ಪ, ಎಲ್ಲರಿಗೂ ಹೇಳೋಕೆ ನಂಗೆ ಬಾಯಿ ಬರಲ್ಲ."

ಬಸಣ್ಣನಿಗೂ ಬಾಯಿ ಬರಲಿಲ್ಲ. ಆ ಕಡೆಯಿಂದ "ಅಣ್ಣಾ" ಅಂದರೆ ಇವರು "ಹೇಳಪ್ಪಾ" ಅನ್ನುವುದು. ನಾಲ್ಕು ತಿಂಗಳಲ್ಲಿ ಒಬ್ಬರಿಗೂ ನಾಗಣ್ಣ ಇಲ್ಲ ಅಂತ ಹೇಳಿರಲಿಲ್ಲ. ಡೆಂಗಿ ಶುರುವಾದ ಮೇಲಂತೂ ಕರೆ ಇನ್ನೂ ಜಾಸ್ತಿ. ಆ ಜ್ವರದಲ್ಲಿ ಇಳಿದುಬಿಡುವ ರಕ್ತಕಣ, ಅಂದರೆ ಪ್ಲೇಟ್‌ಲೆಟ್ 5 ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಬೇಕಾದಾಗಲೇ ಜನ ಹುಡುಕಬೇಕು. ಅಂಗಡಿ ಅರ್ಧ ದಿನ ಮುಚ್ಚತೊಡಗಿತು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ರಕ್ತ ಕೊಡಬಹುದು. ಇವರು ಕೊಟ್ಟ ಐವತ್ತೇ ದಿನಕ್ಕೆ ಮತ್ತೆ ಹೋಗಿ, ವಾಪಸ್ ಕಳಿಸಿದರು ಅಂತ ಅಲ್ಲಿ ಜಗಳ ಮಾಡಿ ಬಂದಿದ್ದರು.

ಆ ಜಗಳದಲ್ಲೇ ನನಗೆ ಸುಳಿವು ಸಿಗಬೇಕಿತ್ತು. ಬರೀ ಪ್ರೀತಿಗೆ ಕೊಡುವವನು "ತಗೊಳ್ಳಲ್ಲ" ಅಂದರೆ ಯಾಕೆ ಅಷ್ಟು ಸಿಟ್ಟಾಗಬೇಕು? ನಾನು ಅದನ್ನು ಗಮನಿಸದೆ ಮೊದಲ ಭೇಟಿಯಲ್ಲಿ "ಒಳ್ಳೇ ಕೆಲಸ ಮಾಡ್ತಿದ್ದೀರಿ, ಸ್ವಲ್ಪ ಕಡಿಮೆ ಮಾಡಿ" ಅಂದೆ. ಹೊಗಳಿದ್ದೇ ತಪ್ಪಾಯಿತು. ಮುಖ ಬಿಗಿದುಕೊಂಡು ಎದ್ದು ಹೋದರು.

ಎರಡನೇ ಸಲ ಬಂದಾಗ ಕೊನೆಯ ದಿನದ ಬಗ್ಗೆ ಸುಮ್ನೆ ಕೇಳಿದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ: "ಎದೆ ಉರೀತಿದೆ ಕಣೋ ಅಂದ. ಮಿರ್ಚಿ ತಿಂದಿದ್ದೀಯ, ಗ್ಯಾಸ್ ಅದು, ಸೋಡಾ ಕುಡಿ ಅಂದೆ. ಸೋಡಾ ನಾನೇ ತಂದುಕೊಟ್ಟೆ ಮೇಡಂ."

"ನಿಮ್ಮ ತಪ್ಪೇನಿಲ್ಲ" ಅಂತ ನಾನು ಹೇಳಲಿಲ್ಲ. ಅದು ಇಂಥವರ ಕಿವಿಗೆ ಬೀಳುವುದೇ ಇಲ್ಲ. ಹೃದಯಾಘಾತ ಎಷ್ಟೋ ಸಲ ಗ್ಯಾಸಿನ ಹಾಗೇ ಇರುತ್ತೆ ಅನ್ನುವುದನ್ನು ತಿಳಿಸಿದೆ. ಎದೆ ಉರಿಯ ಜೊತೆ ಬೆವರು, ಉಸಿರು ಸಾಲದಿರುವುದು, ತೋಳಿಗೋ ದವಡೆಗೋ ಹರಿಯುವ ನೋವು ಇದ್ದರೆ ಸೋಡಾ ಹುಡುಕುತ್ತಾ ಕೂರಬಾರದು. ಆಮೇಲೆ ಒಂದು ಹಾಳೆ ಕೊಟ್ಟು, ಆವತ್ತು ಏನು ಗೊತ್ತಿತ್ತು, ಇವತ್ತು ಏನು ಗೊತ್ತಿದೆ ಅಂತ ಬೇರೆ ಬೇರೆ ಬರೆಸಿದೆ. ಇವತ್ತಿನ ಕಡೆ ಹಾಳೆ ತುಂಬಿತು. ಆವತ್ತಿನ ಕಡೆ ಒಂದೇ ಸಾಲು: "ಅವನಿಗೆ ಮಿರ್ಚಿ ತಿಂದ್ರೆ ಯಾವಾಗ್ಲೂ ಉರಿ." ಅದನ್ನು ಅವರೇ ಎರಡು ಸಲ ಓದಿಕೊಂಡರು.

ಬದುಕೋದು ಬೇಡ ಅನಿಸುತ್ತಾ ಅಂತಲೂ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಬಂದುಬಿಡುತ್ತೆ ಅಂತ ಮನೆಯವರು ಹೆದರುತ್ತಾರೆ, ಹಾಗೇನಿಲ್ಲ. ಇವರಿಗೆ ಹಾಗೆ ಅನಿಸಿರಲಿಲ್ಲ. ಆದರೂ ರಾತ್ರಿ ತಡೆಯಲಾಗದಿದ್ದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟೆ. ನಿದ್ದೆಗೆ, ಬಿಪಿಗೆ ಡಾಕ್ಟರ್ ಹತ್ತಿರ ಕಳಿಸಿದೆ. ಇದಕ್ಕೆ ಕಾಯಿಲೆಯ ಹೆಸರು ಮಾತ್ರ ಕೊಡಲಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಮುಗಿಯದ ದುಃಖಕ್ಕೂ ಜಾಗವಿದೆ, ಆದರೆ ಅದಕ್ಕೆ ಕನಿಷ್ಠ 6 ತಿಂಗಳಾದರೂ ಆಗಿರಬೇಕು.

ನಾನು ಮುಖ್ಯವಾಗಿ ಹೇಳಿದ್ದು ಎರಡೇ. ಒಂದು, ಫೋನ್ ಎತ್ತಿದ ಕೂಡಲೇ ನಾಗಣ್ಣ ತೀರಿಕೊಂಡರು ಅಂತ ಹೇಳಬೇಕು. ಸಹಾಯ ಮಾಡುವುದಿದ್ದರೆ ಬಸಣ್ಣನಾಗಿ ಮಾಡಬೇಕು. ಇನ್ನೊಂದು, ಸೋಡಾದ ವಿಷಯವನ್ನು ಅತ್ತಿಗೆಗೆ, ಅಂದರೆ ನಾಗಣ್ಣನ ಹೆಂಡತಿಗೆ, ಹೇಳಿ ಬರಬೇಕು. ಎರಡನೆಯದಕ್ಕೆ ಮೂರು ವಾರ ಹಿಡಿಯಿತು.

ಹೋಗಿ ಬಂದವರು ಕೂತ ತಕ್ಷಣ ಹೇಳಿದರು: "ಅತ್ತಿಗೆನೂ ಆವತ್ತು ಜೀರಿಗೆ ಕಷಾಯ ಕೊಟ್ಟಿದ್ರಂತೆ ಮೇಡಂ. ಇಷ್ಟು ದಿನ ಯಾರಿಗೂ ಹೇಳಿರಲಿಲ್ವಂತೆ." ಇಬ್ಬರೂ ಕೂತು ಅತ್ತರಂತೆ. ಹೊರಡುವಾಗ ಆಕೆ ಇನ್ನೊಂದು ಮಾತು ಹೇಳಿದ್ದರು. ನಾಗಣ್ಣ ರಾತ್ರಿ ಊಟಕ್ಕೆ ಕೂತರೆ ಫೋನ್ ಆಫ್ ಮಾಡುತ್ತಿದ್ದರು. "ನನ್ನ ಕೈಲಿ ಆಗಲ್ಲ, ಇಂಥವರನ್ನ ಕೇಳ್ರಿ" ಅಂತ ಎಷ್ಟೋ ಜನರಿಗೆ ಹೇಳುತ್ತಿದ್ದರು. ಬಸಣ್ಣನಿಗೆ ಇದು ಗೊತ್ತೇ ಇರಲಿಲ್ಲ. ಅವರು ಕಂಡಿದ್ದು ಗಾಡಿ ಮುಂದಿನ ನಾಗಣ್ಣನನ್ನು ಮಾತ್ರ.

ಈಗ ಗಾಡಿಯ ಸುತ್ತ ಸೇರುತ್ತಿದ್ದ ನಾಲ್ವರು ಆ ಫೋನ್ ಎತ್ತುವುದಕ್ಕೆ ವಾರದ ದಿನಗಳನ್ನು ಹಂಚಿಕೊಂಡಿದ್ದಾರೆ. ಬಸಣ್ಣನದು ಸೋಮವಾರ ಮತ್ತು ಗುರುವಾರ. ಕೊನೆಯ ಭೇಟಿ ಬಿದ್ದದ್ದು ಗುರುವಾರ, ನನ್ನ ಎದುರೇ ಫೋನ್ ಬಂತು. "ನಾಗಣ್ಣ ತೀರಿಕೊಂಡ್ರಪ್ಪ. ನಾನು ಅವನ ಗೆಳೆಯ ಬಸಣ್ಣ" ಅಂದರು. ಆ ಕಡೆಯವರು ಅಳತೊಡಗಿದರು. ಇವರು ಕಾದರು, ಆಮೇಲೆ ಮೆಲ್ಲಗೆ ಕೇಳಿದರು: "ಯಾವ ಗ್ರೂಪ್ ಬೇಕಿತ್ತು?"

ಮಿರ್ಚಿ ಮಾತ್ರ ಇನ್ನೂ ತಿಂದಿಲ್ಲವಂತೆ. ನಾನೂ ಒತ್ತಾಯ ಮಾಡಿಲ್ಲ.