ಫಿಶ್ ಟ್ಯಾಂಕ್‌ಗೆ ಯಾವ ಸಿಲಿಕಾನ್? ಮೂಗನ್ನಷ್ಟೇ ನಂಬಬೇಡಿ

ಗದಗಿನ ಸರ್, ನಿಮ್ಮ ಎರಡೂ ಫೋಟೋ ನೋಡಿದೆ. ಮೂರಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ, 8 ಎಂಎಂ ಗಾಜು. ಅಂಗಡಿಯವರು ಗಾಜು ಅಂಟಿಸೋ ಸಿಲಿಕಾನ್‌ನ ಎರಡು ಟ್ಯೂಬ್ ಕೊಟ್ಟಿದ್ದಾರೆ, ಒಂದರ ಮೇಲೆ ಜನರಲ್ ಪರ್ಪಸ್ ಅಂತಿದೆ, ಇನ್ನೊಂದರ ಮೇಲೆ ಸ್ಯಾನಿಟರಿ. ಯಾವುದು ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ವಿನೆಗರ್ ವಾಸನೆ ಬಂದ್ರೆ ಸಾಕು, ಕಣ್ಣು ಮುಚ್ಚಿ ಹಾಕಿ" ಅಂದಿದ್ದಾರೆ. ಆ ಮಾತು ಅರ್ಧ ಸರಿ. ಇನ್ನರ್ಧ ಕಲಿಯೋಕೆ ನನಗೆ ಹನ್ನೊಂದು ಗಪ್ಪಿ ಮೀನು ಬೇಕಾದವು.

ಸಿಲಿಕಾನ್ ಗಟ್ಟಿಯಾಗುವಾಗ ಒಂದಲ್ಲ ಒಂದು ರಾಸಾಯನಿಕ ಹೊರಗೆ ಬಿಡುತ್ತದೆ. ಅಸಿಟಾಕ್ಸಿ ಜಾತಿಯದು ಅಸಿಟಿಕ್ ಆಸಿಡ್ ಬಿಡುತ್ತದೆ, ಅದೇ ಆ ವಿನೆಗರ್ ವಾಸನೆ. ಗಾಜಿಗೆ ಇದರ ಹಿಡಿತ ಗಟ್ಟಿ. ಪೂರ್ತಿ ಕ್ಯೂರ್ ಆದ ಮೇಲೆ, ಅಂದರೆ ಒಳಗಿನವರೆಗೂ ಗಟ್ಟಿಯಾದ ಮೇಲೆ, ಆಸಿಡ್ ಹೋಗಿರುತ್ತದೆ, ಮೀನಿಗೆ ತೊಂದರೆ ಇಲ್ಲ. ನ್ಯೂಟ್ರಲ್ ಅನ್ನೋದು ಆಸಿಡ್ ಬಿಡದ ಇನ್ನೊಂದು ಜಾತಿ, ಹೆಚ್ಚಾಗಿ ಅಲ್ಯೂಮಿನಿಯಂ ಕಿಟಕಿ, ಕಟ್ಟಡದ ಹೊರಗಿನ ಗಾಜಿಗೆ ಬಳಸುವ ಮಾಲು. ಅಕ್ವೇರಿಯಂಗೆ ಅಂತಲೇ ಬರೆದಿರುವ ನ್ಯೂಟ್ರಲ್ ಕೂಡ ಸಿಗುತ್ತದೆ. ಹಾಗೆ ಬರೆದಿಲ್ಲ ಅಂದರೆ ನಾನು ಮುಟ್ಟುವುದಿಲ್ಲ.

ಇನ್ನು ನನ್ನ ಕಥೆ. ಹುಬ್ಬಳ್ಳಿ ಮನೆಯಲ್ಲಿ ಬಾತ್‌ರೂಮ್ ಬೇಸಿನ್‌ಗೆ ತಂದಿದ್ದ ಟ್ಯೂಬ್ ಅರ್ಧ ಉಳಿದಿತ್ತು. ಮೂಸಿದೆ, ವಿನೆಗರ್ ಘಮಘಮ. ಸುಮ್ನೆ ದುಡ್ಡು ಯಾಕೆ ಅಂತ ಎರಡಡಿ ಟ್ಯಾಂಕ್‌ಗೆ ಅದನ್ನೇ ಎಳೆದೆ. ಮೀನು ಬಿಟ್ಟ ಮೂರನೇ ದಿನದಿಂದ ಗಪ್ಪಿ ಒಂದೊಂದಾಗಿ ಮೇಲೆ ತೇಲತೊಡಗಿದವು. ಉಳಿದ ನಾಲ್ಕನ್ನು ಹಳೇ ಟ್ಯಾಂಕ್‌ಗೆ ಹಾಕಿದೆ, ಬದುಕಿಕೊಂಡವು. ಆಮೇಲೆ ಕನ್ನಡಕ ಹಾಕಿಕೊಂಡು ಟ್ಯೂಬಿನ ಹಿಂಭಾಗ ಓದಿದೆ. ಸಾಸಿವೆ ಕಾಳಿನಂಥ ಅಕ್ಷರದಲ್ಲಿ "ಫಂಗಸ್ ನಿರೋಧಕ, ಅಕ್ವೇರಿಯಂಗೆ ಬಳಸಬೇಡಿ" ಅಂತಿತ್ತು. ಸ್ಯಾನಿಟರಿ ಸಿಲಿಕಾನ್ ಕಪ್ಪು ಬೂಸ್ಟು ಹಿಡಿಯಬಾರದು ಅಂತ ಅದರಲ್ಲಿ ಫಂಗಸ್ ಕೊಲ್ಲುವ ಔಷಧಿ ಬೆರೆಸಿರುತ್ತಾರೆ. ಸ್ಯಾನಿಟರಿಯಲ್ಲೂ ಅಸಿಟಾಕ್ಸಿ ಜಾತಿ ಇರುತ್ತದೆ, ವಾಸನೆ ಒಂದೇ! ಹಾಗಾಗಿ ನಿಮ್ಮ ಎರಡನೇ ಟ್ಯೂಬ್ ಬೇಡವೇ ಬೇಡ.

ಜನರಲ್ ಪರ್ಪಸ್ ಅನ್ನೋ ಹೆಸರೂ ಏನನ್ನೂ ಹೇಳುವುದಿಲ್ಲ. ಹಿಂಭಾಗದ ಫೋಟೋ ಹಾಕಿ. ಅಸಿಟಾಕ್ಸಿ ಅಂತಿರಬೇಕು, ಅಕ್ವೇರಿಯಂಗೆ ಆಗುತ್ತದೆ ಅಂತಿರಬೇಕು, ಫಂಗಸ್ ಮಾತು ಎಲ್ಲೂ ಇರಬಾರದು. ಪೇಂಟ್ ಹೊಡೆಯಬಹುದು ಅಂತಿದ್ದರೆ ಅದು ಬಹುಶಃ ಅಕ್ರಿಲಿಕ್, ಅದೂ ಬೇಡ. ತಾರೀಖು ನೋಡಿ. ಅವಧಿ ಮುಗಿದ ಟ್ಯೂಬ್ ವಾರ ಕಳೆದರೂ ಬೆಲ್ಲದ ಪಾಕದ ಹಾಗೆ ಅಂಟಂಟಾಗೇ ಉಳಿಯಬಹುದು. ಕಪ್ಪೋ ಬಿಳಿಯೋ ನಿಮ್ಮಿಷ್ಟ. ಕಪ್ಪಿನಲ್ಲಿ ಗುಳ್ಳೆ, ಪಾಚಿ ಕಾಣುವುದಿಲ್ಲ ಅಷ್ಟೇ.

ಆದರೂ ಟ್ಯೂಬಿನ ಮೇಲೆ ಬರೆದದ್ದನ್ನಷ್ಟೇ ನಂಬಿ ನಾನು ಕೂರಲ್ಲ. ಗಾಜಿನ ಅಂಗಡಿಯಲ್ಲಿ ಉಳಿದ ಎರಡು ಪಟ್ಟಿ ಕೇಳಿ ತನ್ನಿ, ಅಂಟಿಸಿ ಒಂದು ವಾರ ಬಿಡಿ. ಆಮೇಲೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಎಳೆದು ಬಿಡಿಸಿ. ಸಿಲಿಕಾನ್ ನಡುವೆ ಹರಿದು ಎರಡೂ ಗಾಜಿನ ಮೇಲೆ ಉಳಿದರೆ ಮಾಲು ಒಳ್ಳೇದು. ಒಂದು ಗಾಜಿನಿಂದ ಸಿಪ್ಪೆಯ ಹಾಗೆ ನೀಟಾಗಿ ಎದ್ದು ಬಂದರೆ ಮಾಲು ಸರಿ ಇಲ್ಲ, ಇಲ್ಲ ಗಾಜು ಒರೆಸಿದ್ದು ಸರಿ ಇಲ್ಲ. ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ಸಾಕು. ಪೇಂಟ್ ಥಿನ್ನರ್ ಬೇಡ, ಜಿಡ್ಡು ಬಿಡುತ್ತದೆ. ಒರೆಸಿದ ಅಂಚನ್ನು ಬೆರಳಲ್ಲಿ ಮುಟ್ಟಬೇಡಿ.

ನಿಮ್ಮ ಅಳತೆಗೆ 280 ಎಂಎಲ್‌ನ ಒಂದು ಟ್ಯೂಬ್ ಸಾಕಾಗುತ್ತದೆ. ಟ್ಯೂಬ್ ಹಿಂಡುವ ಗನ್ನಿನಲ್ಲಿ ಎಳೆದ ಮೇಲೆ ಹತ್ತು ನಿಮಿಷದ ಆಸುಪಾಸಿನಲ್ಲಿ ಮೇಲೆ ಪದರ ಕಟ್ಟುತ್ತದೆ. ಅಷ್ಟರೊಳಗೆ ಗಾಜು ಕೂರಿಸಿ ಟೇಪ್ ಹಾಕಬೇಕು, ಜೊತೆಗೆ ಒಬ್ಬರು ಇರಲಿ. ಜೋರಾಗಿ ಒತ್ತಿ ಎಲ್ಲಾ ಹೊರಗೆ ಹಿಂಡಬೇಡಿ, ಗಾಜಿನ ನಡುವೆ ಒಂದು ಎಂಎಂ ಆದರೂ ಉಳಿಯಲಿ. ಕಿಟಕಿ ತೆರೆದಿಡಿ, ಕಣ್ಣು ಉರಿಯುತ್ತದೆ.

ಇನ್ನೊಂದು ಮಾತು. ಬೇಗ ಒಣಗಲಿ ಅಂತ ಟ್ಯಾಂಕನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಡುವವರಿದ್ದಾರೆ. ಸಿಲಿಕಾನ್ ಏನು ಹಪ್ಪಳ ಅಲ್ವಲ್ಲ. ಅದು ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವುದು, ದಿನಕ್ಕೆ ಸುಮಾರು 2ರಿಂದ 3 ಎಂಎಂ. ಧಾರವಾಡದ ಮಳೆಗಾಲದಲ್ಲಿ ಬೇಗ, ನಿಮ್ಮ ಗದಗಿನ ಏಪ್ರಿಲ್‌ನಲ್ಲಿ ನಿಧಾನ. ನೆರಳಲ್ಲಿ ಏಳು ದಿನ ಬಿಡಿ. ಹತ್ತಿರ ಮೂಸಿದಾಗ ಇನ್ನೂ ವಿನೆಗರ್ ಬಂದರೆ ಮತ್ತೆರಡು ದಿನ.

ನೀರು ತುಂಬಿ ನೋಡುವಾಗ ಲೆಕ್ಕ ಇಟ್ಟುಕೊಳ್ಳಿ. ಅಂಚಿನವರೆಗೆ ತುಂಬಿದರೆ ಸುಮಾರು 180 ಲೀಟರ್, ಅಂದರೆ 180 ಕೆಜಿ. ಸಮತಟ್ಟಾದ ಜಾಗ, ಕೆಳಗೆ ಥರ್ಮಾಕೋಲ್, ಸುತ್ತ ಹಳೇ ಪೇಪರ್. ಮೊದಲು ಅರ್ಧ ತುಂಬಿ ರಾತ್ರಿಯಿಡೀ ಬಿಡಿ, ಆಮೇಲೆ ಪೂರ್ತಿ. ನಲ್ಲಿ ನೀರು ಬರುವ ದಿನವೇ ಇದನ್ನು ಇಟ್ಟುಕೊಳ್ಳಿ, ನಮ್ಮ ಕಡೆ ಮುಂದಿನ ಸರದಿಗೆ ಎಷ್ಟು ದಿನ ಕಾಯಬೇಕೋ! ಆ ನೀರು ಮೀನಿಗೆ ಬೇಡ, ಚೆಲ್ಲಿಬಿಡಿ. ಎಲ್ಲಾದರೂ ಜಿನುಗಿದರೆ ಹಳೆಯದರ ಮೇಲೆ ಹೊಸದು ಬಳಿಯಬೇಡಿ, ಗಟ್ಟಿಯಾದ ಸಿಲಿಕಾನ್‌ಗೆ ಹೊಸ ಸಿಲಿಕಾನ್ ಸರಿಯಾಗಿ ಕಚ್ಚುವುದಿಲ್ಲ. ಬ್ಲೇಡಿನಿಂದ ಕೆರೆದು ತೆಗೆದೇ ಹಾಕಬೇಕು.

ಸ್ಯಾನಿಟರಿ ಟ್ಯೂಬ್ ಅಂಗಡಿಯವರು ವಾಪಸ್ ತಗೊಳ್ಳದಿದ್ದರೆ ಬಿಡಿ, ಬಾತ್‌ರೂಮ್ ಬೇಸಿನ್‌ಗೆ ಚೆನ್ನಾಗಿ ಬರುತ್ತದೆ. ಗಾಜಿನ ಪಟ್ಟಿ ಎಳೆದ ದಿನ ಅದರ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.