ವೇದಿಕೆ ಅಂದರೆ ಯಾವ ವೇದಿಕೆ?

ನಮಸ್ಕಾರ. ಗದಗದಿಂದ ನೀವು ಕಳಿಸಿದ ಎಲೆಕ್ಟ್ರಿಕ್ ಕಾರುಗಳ ಲೇಖನ ಓದಿದೆ. ಸಾಕಷ್ಟು ಓದಿಕೊಂಡೇ ಬರೆದಿದ್ದೀರಿ, ಸಂತೋಷ. ಆದರೆ ಮೊದಲ ಸಾಲಿಗೇ ನನಗೆ ಸಿಟ್ಟು ಬಂತು.

"ಕಾರು ಕಂಪನಿಗಳು ಮೀಸಲು ವಿದ್ಯುತ್ ವೇದಿಕೆಗಳತ್ತ ಮುಖ ಮಾಡಿವೆ." ಯಾವ ವೇದಿಕೆ ರೀ? ಧಾರವಾಡದವರಿಗೆ ವೇದಿಕೆ ಅಂದರೆ ವಿದ್ಯಾವರ್ಧಕ ಸಂಘದ್ದು. ಹಾರ, ಶಾಲು, ಮೈಕು. ನೀವು ಹೇಳುತ್ತಿರುವುದು ಮೋಟರು, ಬ್ಯಾಟರಿ, ಚಕ್ರ ಎಲ್ಲ ಕೂರುವ ಕಾರಿನ ತಳ. ಸುಮ್ನೆ ಪ್ಲಾಟ್‌ಫಾರ್ಮ್ ಅಂತಲೇ ಬರೆಯಿರಿ, ಮುಂದಿನ ಸಾಲಲ್ಲಿ ಬಿಡಿಸಿ ಹೇಳಿ.

ಎರಡನೇ ಸಾಲು: "ಇದರಿಂದ ಸ್ಥಳಾವಕಾಶದ ಗರಿಷ್ಠ ಬಳಕೆ ಸಾಧ್ಯ." ಹಿಂದಿನ ಸೀಟಿನ ನಡುವೆ ಕೂತವರನ್ನು ಕೇಳಿ ನೋಡಿ. ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಅವರ ಕಾಲಡಿ ಒಂದು ಉಬ್ಬು, ಅದರ ಕೆಳಗೆ ಸೈಲೆನ್ಸರ್ ಪೈಪು. ಅದೇ ಪೆಟ್ರೋಲ್ ಕಾರಿನ ಬಾಡಿಯೊಳಗೆ ಬ್ಯಾಟರಿ ಹಾಕಿದರೆ ಉಬ್ಬು ಹಾಗೇ ಉಳಿಯುತ್ತದೆ, ಬ್ಯಾಟರಿಯನ್ನು ಸಿಕ್ಕ ಸಂದಿಯಲ್ಲಿ ತುರುಕಬೇಕು. ಎಲೆಕ್ಟ್ರಿಕ್ ಕಾರಿಗೆಂದೇ ಮಾಡಿದ ಪ್ಲಾಟ್‌ಫಾರ್ಮ್‌ಗಳು, ಅಂದರೆ ಹ್ಯುಂಡೈ 2020ರಲ್ಲಿ ತೋರಿಸಿದ ಇ-ಜಿಎಂಪಿ, ಮಹೀಂದ್ರಾದ ಇಂಗ್ಲೋ ಹಾಗಲ್ಲ. ಮುಂದಿನ ಹಿಂದಿನ ಚಕ್ರಗಳ ನಡುವೆ ಬ್ಯಾಟರಿಯನ್ನು ಹಾಸಿಗೆ ಹಾಗೆ ಹಾಸಿ, ಮೇಲೆ ಸಪಾಟು ನೆಲ. ಇಷ್ಟು ಬರೆದಿದ್ದರೆ ಸಾಕಿತ್ತು.

ನಾನೂ ಹೀಗೇ ಬರೆಯುತ್ತಿದ್ದೆ. ಹುಬ್ಬಳ್ಳಿಯಲ್ಲಿ ಪತ್ರಿಕೆ ಕೆಲಸ ಕಲಿಯುವಾಗ ಟ್ರ್ಯಾಕ್ಟರ್ ಬಗ್ಗೆ "ಶಕ್ತಿ ವರ್ಗಾವಣಾ ವ್ಯವಸ್ಥೆ" ಅಂತ ಹಾಕಿದ್ದೆ. ಹಿರಿಯರೊಬ್ಬರು ಹಾಳೆ ವಾಪಸ್ ಕೊಟ್ಟು ಗಬ್ಬೂರಿನ ಹತ್ತಿರದ ಗ್ಯಾರೇಜಿಗೆ ಅಟ್ಟಿದರು. ಅರ್ಧ ದಿನ ಕೂತೆ. ಮಿಸ್ತ್ರಿ ನಕ್ಕು, "ಹಿಂದಿನ ಶಾಫ್ಟ್ ತಿರುಗಿದ್ರ ಮಣ್ಣು ಮಗುಚೋ ರೋಟರ್ ತಿರಗತೈತಿ, ಅಷ್ಟರೀ" ಅಂದ. ಅದೇ ಅಚ್ಚಾಯಿತು. ಅಂಗಿಗೆ ಹತ್ತಿದ ಗ್ರೀಸ್ ಮಾತ್ರ ಹೋಗಲಿಲ್ಲ.

ಇನ್ನು "2023ರಲ್ಲಿ ಬಿವೈಡಿ ಟೆಸ್ಲಾಗೆ ಮಣ್ಣು ಮುಕ್ಕಿಸಿತು" ಅನ್ನೋದು. ಇದೇನು ಕುಸ್ತಿ ಕಣವೇ? ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಚೀನಾದ ಬಿವೈಡಿ ಮಾರಿದ ಬ್ಯಾಟರಿ ಕಾರು ಸುಮಾರು 5.26 ಲಕ್ಷ, ಅಮೆರಿಕದ ಟೆಸ್ಲಾದ್ದು 4.84 ಲಕ್ಷ. ಇಡೀ ವರ್ಷದ ಲೆಕ್ಕ ತೆಗೆದರೆ ಟೆಸ್ಲಾನೇ ಮುಂದೆ! ಬಿವೈಡಿ 1995ರಲ್ಲಿ ಶುರುವಾಗಿದ್ದು ಬ್ಯಾಟರಿ ಕಂಪನಿಯಾಗಿ, ಕಾರು ಆಮೇಲೆ ಬಂತು. ಬ್ಯಾಟರಿ ಸ್ವಂತದ್ದಾದರೆ ಬೆಲೆ ಇಳಿಸೋದು ಸುಲಭ ಅಲ್ವಾ? ಇಂಥ ಒಳ್ಳೆ ಸಂಗತಿಯನ್ನು ಕೊನೆಯ ಪ್ಯಾರಾದ ಕಂಸದಲ್ಲಿ ಮುಚ್ಚಿಟ್ಟಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ.

ಹುಬ್ಬಳ್ಳಿಗೆ ಬಂದಾಗ ಗೋಕುಲ ರಸ್ತೆಯ ಯಾವುದಾದರೂ ಶೋರೂಮಿಗೆ ಹೋಗಿ. ಹಿಂದಿನ ಸೀಟಿನ ನಡುವೆ ಕೂತು, ಕಾಲು ಎಲ್ಲಿಟ್ಟಿರಿ ಅಂತ ಬರೆದು ಕಳಿಸಿ. ಹದಿನೈದು ದಿನ ಕಾಯುತ್ತೇನೆ.